ಕಪ್ಪು ಸಿನಿಮಾದ ಮನುಷ್ಯರು ಮತ್ತು ಚಾಮರಾಜನಗರದ ಕಾಡು

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿಕೊಂಡು ಹೋದ. ಬೆಂಗಳೂರಿನಲ್ಲಿ ಅಂಗಡಿಗಳು ಮುಚ್ಚಿದವು, ಬಸ್ಸುಗಳು ನಿಂತವು. ರಾಜಧಾನಿಗೆ ಅದು ಆಘಾತದ ಸುದ್ದಿ. ಭೀಮನಬೀಡು, ತೆರಕಣಾಂಬಿ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯವರಿಗೆ ಅದು ಮನೆಯೊಳಗಿನ ಸುದ್ದಿ. ಗಾಜನೂರು ಸರಕಾರಿ ಲೆಕ್ಕದಲ್ಲಿ ತಮಿಳುನಾಡಿನ ತಾಳವಾಡಿ ಸೀಮೆಗೆ ಸೇರಿದ್ದರೂ ಅಲ್ಲಿನ ಮಾತು ಕನ್ನಡ. ಸಂತೆ, ಸಂಬಂಧಗಳೆಲ್ಲ ಈ ಕಡೆಗೇ. ಅಪಹರಿಸಿದವನೂ ದೂರದವನಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಅಂಚಿನಲ್ಲಿರುವ ಗೋಪಿನಾಥಂ ಅವನ ಊರು.

ಈ ಘಟನೆಯಲ್ಲಿ ಒಂದು ವಿಚಿತ್ರವಿತ್ತು. 1968ರ 'ಜೇಡರ ಬಲೆ'ಯಿಂದ ಹಿಡಿದು 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ಕಳ್ಳಸಾಗಣೆದಾರರ ಕೋಟೆಗೆ ನುಗ್ಗಿ ಅವರನ್ನು ಸದೆಬಡಿದ ಪತ್ತೇದಾರ ಈ ರಾಜ್‌ಕುಮಾರ್. ಈಗ ಆನೆದಂತ, ಶ್ರೀಗಂಧಗಳ ಕಳ್ಳಸಾಗಣೆದಾರನೊಬ್ಬ ಅದೇ ಪತ್ತೇದಾರನನ್ನು ಕೈಹಿಡಿದು ಕಾಡಿಗೆ ನಡೆಸಿಕೊಂಡು ಹೋಗಿದ್ದ. ಪರದೆಯ ಮೇಲೆ ಎರಡೂವರೆ ಗಂಟೆಯಲ್ಲಿ ಇತ್ಯರ್ಥವಾಗುತ್ತಿದ್ದ ಲೆಕ್ಕ ಇಲ್ಲಿ 108 ದಿನ ಎಳೆಯಿತು. ಇತ್ಯರ್ಥವಾದದ್ದೂ ಸಿನಿಮಾದ ರೀತಿಯಲ್ಲಲ್ಲ.

ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿದಿರಬೇಕೆಂಬ ಅಭ್ಯಾಸ ನಮ್ಮ ಸಿನಿಮಾ ನಮಗೆ ಕಲಿಸಿದ್ದು. ಆ ಅಭ್ಯಾಸವನ್ನೇ ಹೊತ್ತು ನಾವು ಈ ಕಾಡಿನ ಕಥೆಯನ್ನೂ ನೋಡಿದೆವು. ಕೆಲವರಿಗೆ ವೀರಪ್ಪನ್ ರಾಕ್ಷಸ, ಕೆಲವರಿಗೆ ಬಡವರ ಬಂಧು. ಅವನನ್ನು ಬೆನ್ನಟ್ಟಿದ ಪಡೆ ಕೆಲವರಿಗೆ ದೇವದೂತರ ಪಡೆ, ಇನ್ನು ಕೆಲವರಿಗೆ ಯಮದೂತರ ಪಡೆ. ಈ ಎರಡರ ನಡುವೆ ಸಿಕ್ಕಿಕೊಂಡ ಹಳ್ಳಿಯವರಿಗೆ ಯಾವ ಪಾತ್ರವೂ ಇರಲಿಲ್ಲ. ಪಾತ್ರವಿಲ್ಲದವರ ನೋವು ಲೆಕ್ಕಕ್ಕೆ ಬರುವುದಿಲ್ಲ. ಬೇರೆ ರೀತಿಯಲ್ಲಿ ನೋಡುವುದನ್ನು ಕಲಿಸಿದ ಒಂದು ಸಿನಿಮಾ ಪರಂಪರೆ ಜಗತ್ತಿನಲ್ಲಿತ್ತು. ಅದನ್ನು ಭಾರತಕ್ಕೆ ತಂದವರಲ್ಲಿ ಇಬ್ಬರು ನಮ್ಮದೇ ನೆಲದಲ್ಲಿ ಹುಟ್ಟಿದವರು. ಮೊದಲು ಆ ಚರಿತ್ರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಅಮೆರಿಕದ ಸಿನಿಮಾಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ, ಕೂಡಿಬಿದ್ದಿದ್ದ ಚಿತ್ರಗಳೆಲ್ಲ ಒಟ್ಟಿಗೆ ಪ್ಯಾರಿಸ್ಸಿನ ಪರದೆಗಳಿಗೆ ಬಂದವು. ನಡುವಿನ ವರ್ಷಗಳಲ್ಲಿ ಹಾಲಿವುಡ್ಡಿನ ಅಪರಾಧ ಕಥೆಗಳ ಬಣ್ಣ ಬದಲಾಗಿರುವುದು ಅಲ್ಲಿನ ವಿಮರ್ಶಕರ ಕಣ್ಣಿಗೆ ಬಿತ್ತು. 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕ ಅವನ್ನು 'ಫಿಲ್ಮ್ ನ್ವಾರ್' ಎಂದು ಕರೆದ. ಕಪ್ಪು ಸಿನಿಮಾ ಎಂದು ಅರ್ಥ. ಆ ಚಿತ್ರಗಳನ್ನು ತಯಾರಿಸುತ್ತಿದ್ದವರಿಗೇ ಈ ಹೆಸರು ಗೊತ್ತಿರಲಿಲ್ಲ. ಅವರ ಪಾಲಿಗೆ ಅವು ಕಡಿಮೆ ಖರ್ಚಿನ ಕೊಲೆ ಕಥೆಗಳು ಅಷ್ಟೆ. ಸಾಮಾನ್ಯವಾಗಿ 1941ರ 'ದಿ ಮಾಲ್ಟೀಸ್ ಫಾಲ್ಕನ್'ನಿಂದ 1958ರ 'ಟಚ್ ಆಫ್ ಈವಿಲ್'ವರೆಗಿನ ಕಾಲವನ್ನು ಇದರ ಶ್ರೇಷ್ಠ ಯುಗವೆಂದು ಗುರುತಿಸುತ್ತಾರೆ.

ಈ ಕಪ್ಪು ಎಲ್ಲಿಂದ ಬಂತು? ಅದರ ಒಂದು ಪಾಲನ್ನು ಹೊತ್ತು ತಂದವರು ನಿರಾಶ್ರಿತರು. ಫ್ರಿಟ್ಜ್ ಲಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್‌ಮ್ಯಾಕ್ ಮೊದಲಾದವರು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ನೆರಳು-ಬೆಳಕುಗಳನ್ನು ಕತ್ತಿಯಂತೆ ಬಳಸುವ ಜರ್ಮನ್ ಸಿನಿಮಾದ ಕಲೆ ಅವರ ಕೈಯಲ್ಲಿತ್ತು. ಅದಕ್ಕಿಂತ ದೊಡ್ಡದಾಗಿ, ನಿನ್ನೆಯವರೆಗೆ ಸಭ್ಯರಾಗಿದ್ದ ಸಾಮಾನ್ಯ ನಾಗರಿಕರು, ಗುಮಾಸ್ತರು, ಪೊಲೀಸರು ಒಂದೇ ರಾತ್ರಿಯಲ್ಲಿ ಏನಾಗಬಲ್ಲರು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಸಮವಸ್ತ್ರ ತೊಟ್ಟವನೆಲ್ಲ ನ್ಯಾಯದ ಕಡೆಯವನೆಂದು ನಂಬುವ ಮುಗ್ಧತೆ ಅವರಲ್ಲಿ ಉಳಿದಿರಲಿಲ್ಲ.

ಕಪ್ಪು ಸಿನಿಮಾದ ಪಾತ್ರಗಳನ್ನು ಹೊರಗಿನಿಂದ ನೋಡಿದರೆ ಅವೂ ಅಚ್ಚಿನಲ್ಲಿ ಎರಕ ಹೊಯ್ದವೇ. ಬಾಡಿಗೆಗೆ ದುಡಿಯುವ ಖಾಸಗಿ ಪತ್ತೇದಾರ, ಗಂಡಸನ್ನು ಬಲೆಗೆ ಕೆಡಹುವ ಮಾಯಾಂಗನೆ, ಒಂದು ಹೆಜ್ಜೆ ಜಾರಿ ಪಾತಾಳಕ್ಕಿಳಿಯುವ ಸಾಮಾನ್ಯ, ಲಂಚಕೋರ ಪೊಲೀಸ್, ದಾನ ಧರ್ಮ ಮಾಡುವ ಗಣ್ಯ ಪಾತಕಿ. ವಿಶೇಷ ಇರುವುದು ಅಚ್ಚಿನಲ್ಲಲ್ಲ, ಅಚ್ಚು ಎಲ್ಲಿ ಬಿರುಕು ಬಿಡುತ್ತದೆ ಎಂಬುದರಲ್ಲಿ. 'ಮಾಲ್ಟೀಸ್ ಫಾಲ್ಕನ್'ನ ಪತ್ತೇದಾರ ಸ್ಯಾಮ್ ಸ್ಪೇಡ್ ತನ್ನ ವ್ಯಾಪಾರದ ಪಾಲುದಾರನನ್ನು ಕೊಂದವಳನ್ನು, ಅವಳ ಮೇಲೆ ಮನಸ್ಸಿದ್ದರೂ, ಪೊಲೀಸರಿಗೆ ಒಪ್ಪಿಸುತ್ತಾನೆ. ನ್ಯಾಯ ಗೆದ್ದಿತೆಂದು ನಾವು ಎದ್ದು ನಿಲ್ಲುವಂತಿಲ್ಲ. ಸತ್ತ ಪಾಲುದಾರನ ಹೆಂಡತಿಯೊಡನೆ ಇದೇ ಸ್ಪೇಡ್ ಅಕ್ರಮ ಸಂಬಂಧ ಇಟ್ಟುಕೊಂಡಿದ್ದವನು. 1944ರ 'ಡಬಲ್ ಇಂಡೆಮ್ನಿಟಿ'ಯ ನಾಯಕ ವಿಮಾ ಕಂಪನಿಯ ಪ್ರತಿನಿಧಿ. ಮನೆಮನೆಗೆ ಹೋಗಿ ಪಾಲಿಸಿ ಮಾರುವವನು, ನಮ್ಮ ನಿಮ್ಮ ಬೀದಿಯಲ್ಲಿ ಕಾಣಸಿಗುವಂಥವನು. ಗಿರಾಕಿಯ ಹೆಂಡತಿಯೊಡನೆ ಸೇರಿ ಗಿರಾಕಿಯನ್ನೇ ಕೊಲ್ಲುತ್ತಾನೆ. ಆ ಕಥೆಯನ್ನು ಅವನ ಬಾಯಿಂದಲೇ ತಪ್ಪೊಪ್ಪಿಗೆಯಾಗಿ ಕೇಳುವ ನಮಗೆ, ಕೊಲೆ ಮುಗಿದ ಮೇಲೆ ಕಾರು ಸ್ಟಾರ್ಟ್ ಆಗದೆ ಹೋದಾಗ ಎದೆ ಹೊಡೆದುಕೊಳ್ಳುತ್ತದೆ. ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ನಾವೇ ಹಾರೈಸುತ್ತಿರುತ್ತೇವೆ! ನಮ್ಮೊಳಗೂ ಅವನ ಒಂದು ಪಾಲು ಇದೆಯೆಂದು ತೋರಿಸಿಕೊಡಲು ನಿರ್ದೇಶಕ ವೈಲ್ಡರನಿಗೆ ಆ ಒಂದು ಕ್ಷಣ ಸಾಕಾಗುತ್ತದೆ.

ಹಾಗೆಂದು ಈ ಚಿತ್ರಗಳು ಪಾಪವನ್ನು ಪುಣ್ಯವೆನ್ನುವುದಿಲ್ಲ. 1934ರಿಂದ ಹಾಲಿವುಡ್ಡಿನಲ್ಲಿ ಬಿಗಿಯಾಗಿ ಜಾರಿಯಲ್ಲಿದ್ದ ನೀತಿಸಂಹಿತೆಯ ಪ್ರಕಾರ ಅಪರಾಧಿಗೆ ಕೊನೆಯಲ್ಲಿ ಶಿಕ್ಷೆಯಾಗಲೇಬೇಕಿತ್ತು. ಆಗುತ್ತಿತ್ತು ಕೂಡ. ಹೊರಗೆ ದಾರಿಯಿಲ್ಲದೆ ಸಂದಿಗ್ಧವು ಪಾತ್ರಗಳ ಎದೆಯೊಳಗೆ ಇಳಿಯಿತು. 1949ರ 'ದಿ ಥರ್ಡ್ ಮ್ಯಾನ್'ನಲ್ಲಿ ಹ್ಯಾರಿ ಲೈಮ್ ಕಲಬೆರಕೆ ಪೆನ್ಸಿಲಿನ್ ಮಾರಿ ಮಕ್ಕಳ ಪ್ರಾಣದೊಡನೆ ಆಟವಾಡಿದವನು. ಅವನನ್ನು ಹಿಡಿದುಕೊಡುವವನು ಅವನ ಜೀವದ ಗೆಳೆಯ. ಗೆಳೆಯ ಮಾಡಿದ್ದು ಸರಿಯೇ. ಆದರೆ ಹ್ಯಾರಿಯನ್ನು ಪ್ರೀತಿಸಿದ್ದ ಹೆಂಗಸು ಸ್ಮಶಾನದ ರಸ್ತೆಯಲ್ಲಿ ಈ ಗೆಳೆಯನತ್ತ ಕಣ್ಣೆತ್ತಿಯೂ ನೋಡದೆ ನಡೆದುಹೋಗುತ್ತಾಳೆ. ಸರಿಯಾದ ಕೆಲಸಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರದ್ದು ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್'. ಅಮೆರಿಕ-ಮೆಕ್ಸಿಕೊ ಗಡಿಯ ಊರೊಂದರಲ್ಲಿ ಬಾಂಬ್ ಸ್ಫೋಟವಾಗುತ್ತದೆ. ಹೆಸರಾಂತ ಪೊಲೀಸ್ ಅಧಿಕಾರಿ ಕ್ವಿನ್ಲನ್ ಒಬ್ಬ ಮೆಕ್ಸಿಕನ್ ಯುವಕನ ಮೇಲೆ ಅನುಮಾನಪಟ್ಟು ಅವನ ಮನೆಯಲ್ಲಿ ತಾನೇ ಸುಳ್ಳು ಸಾಕ್ಷ್ಯ ಇಡುತ್ತಾನೆ. ಅವನು ಲಂಚಕ್ಕಾಗಿ ಹಾಗೆ ಮಾಡುವವನಲ್ಲ. ತನ್ನ ಮೂಗಿಗೆ ವಾಸನೆ ಬಡಿದವನು ಅಪರಾಧಿಯೇ ಎಂಬ ಖಾತರಿ ಅವನಿಗೆ. ಕೊನೆಗೆ ಕ್ವಿನ್ಲನ್ ಸತ್ತುಬಿದ್ದಾಗ ಸುದ್ದಿ ಬರುತ್ತದೆ: ಆ ಯುವಕ ತಪ್ಪೊಪ್ಪಿಕೊಂಡಿದ್ದಾನೆ. ಕ್ವಿನ್ಲನ್‌ನ ಊಹೆ ನಿಜವಾಗಿತ್ತು! ಹಾಗಾದರೆ ಅವನು ಇಟ್ಟ ಸುಳ್ಳು ಸಾಕ್ಷ್ಯ ನ್ಯಾಯವಾಯಿತೇ? ಈ ಪ್ರಶ್ನೆಯನ್ನು ಸಿನಿಮಾ ನಮ್ಮ ಕೈಗಿಟ್ಟು ದೀಪ ಆರಿಸುತ್ತದೆ. ಸಂಶಯವಿದ್ದವನನ್ನೆಲ್ಲ ಒಳಗೆ ಹಾಕಿದರೆ ಅವರಲ್ಲಿ ಒಬ್ಬಿಬ್ಬರು ನಿಜವಾದ ಅಪರಾಧಿಗಳೂ ಇರುತ್ತಾರೆ. ಆ ಒಬ್ಬಿಬ್ಬರನ್ನು ತೋರಿಸಿ ಉಳಿದವರ ಸೆರೆಯನ್ನು ಸಮರ್ಥಿಸುವ ವಾದ ಟಾಡಾ, ಪೋಟಾಗಳ ಕಾಲದಲ್ಲಿ ನಾವೆಲ್ಲ ಕೇಳಿದ್ದೇ.

ಇನ್ನು ಈ ಪರಂಪರೆ ಭಾರತಕ್ಕೆ ಬಂದ ಬಗೆ. 1951ರಲ್ಲಿ ಬಂದ 'ಬಾಜಿ' ಗುರುದತ್ ನಿರ್ದೇಶಿಸಿದ ಮೊದಲ ಚಿತ್ರ. ಗುರುದತ್ ಪಡುಕೋಣೆ ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಆ ಚಿತ್ರದಲ್ಲಿ ಛಾಯಾಗ್ರಾಹಕರ ಸಹಾಯಕನಾಗಿದ್ದ ತರುಣ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಅವರು ಸೂಚಿಸಿದ ಒಂದು ಕಷ್ಟದ ಶಾಟ್‌ನಿಂದ ಬೆರಗಾದ ಗುರುದತ್ ಮುಂದಿನ ಚಿತ್ರ 'ಜಾಲ್'ನ ಕ್ಯಾಮರಾವನ್ನೇ ಅವರ ಕೈಗಿತ್ತರು. 'ಆರ್ ಪಾರ್', 'ಸಿಐಡಿ', 'ಪ್ಯಾಸಾ', 'ಕಾಗಜ್ ಕೆ ಫೂಲ್'ವರೆಗೆ ಈ ಜೋಡಿ ಮುಂದುವರಿಯಿತು. ಹಿಂದಿ ಸಿನಿಮಾದ ಕತ್ತಲೆಗೆ ಅರ್ಥ ಕೊಟ್ಟವರು ಮೂರ್ತಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡಿಗರಾದ ನಾವು ಅವರನ್ನು ನೆನೆದದ್ದು ಕಡಿಮೆ.

ಈ ಚಿತ್ರಗಳಿಗೆ ಮಾತು-ಹಾಡು ಕೊಟ್ಟವರಲ್ಲಿ ಉರ್ದು ಸಾಹಿತ್ಯದವರು ಅನೇಕರಿದ್ದರು: ಸಾಹಿರ್ ಲುಧಿಯಾನ್ವಿ, ಮಜರೂಹ್ ಸುಲ್ತಾನ್‌ಪುರಿ, ಅಬ್ರಾರ್ ಅಲ್ವಿ. ಸಾಹಿರ್, ಮಜರೂಹ್ ಪ್ರಗತಿಶೀಲ ಚಳವಳಿಯ ಕವಿಗಳು. ಹೀಗಾಗಿ ಅಮೆರಿಕದ ಕತ್ತಲೆ ಇಲ್ಲಿಗೆ ಬಂದಾಗ ಅದರಲ್ಲಿ ಹಸಿವಿನ ಬಣ್ಣ ಸೇರಿತು. 'ಬಾಜಿ'ಯ ನಾಯಕ ಜೂಜುಕೋರ. ಆದರೆ ಅವನು ಜೂಜಿಗಿಳಿಯಲು ತಂಗಿಯ ಕ್ಷಯರೋಗವೂ ಕಾರಣ. ಕ್ಲಬ್ಬಿನ ಕತ್ತಲಲ್ಲಿ ಮುಖ ಮುಚ್ಚಿಕೊಂಡಿರುವ ಯಜಮಾನ, ನಾಯಕನನ್ನು ಪ್ರೀತಿಸುವ ವೈದ್ಯೆಯ ತಂದೆಯೇ. ಊರು ಗೌರವಿಸುವ ವ್ಯಕ್ತಿ. ಹಾಲಿವುಡ್ಡಿನ ಮಾಯಾಂಗನೆ ಕೊನೆಯವರೆಗೂ ಕೆಡುಕಿ. ನಮ್ಮಲ್ಲಿ ಗೀತಾ ಬಾಲಿ ವಹಿಸಿದ ಕ್ಲಬ್ಬಿನ ನರ್ತಕಿ ನಾಯಕನನ್ನು ಉಳಿಸಲು ಪ್ರಾಣ ಕೊಡುತ್ತಾಳೆ. 1956ರ 'ಸಿಐಡಿ'ಯಲ್ಲಿ, ತಮ್ಮ ಮೊದಲ ಹಿಂದಿ ಚಿತ್ರದಲ್ಲಿ, ವಹೀದಾ ರೆಹಮಾನ್ ಮಾಡಿದ ಕಾಮಿನಿಯೂ ಹೀಗೆಯೇ, ಪಾತಕಿಯ ಪಕ್ಷದಿಂದ ನಾಯಕನ ಕಡೆಗೆ ಹೊರಳುತ್ತಾಳೆ. ಹೆಣ್ಣನ್ನು ಪೂರ್ತಿ ಕೆಟ್ಟವಳಾಗಿ ಕಾಣಲು ನಮ್ಮ ಸಿನಿಮಾಕ್ಕೆ ಮನಸ್ಸಾಗಲಿಲ್ಲ ಎನ್ನಬಹುದು. ಪಶ್ಚಾತ್ತಾಪಪಟ್ಟವಳಿಗೆ ಸಾವನ್ನು ಬಿಟ್ಟು ಬೇರೆ ಬಾಗಿಲು ತೆರೆಯಲು ಅದಕ್ಕೆ ಸುಲಭವಾಗಿ ಮನಸ್ಸು ಬರಲಿಲ್ಲ ಎನ್ನುವುದೂ ಅಷ್ಟೇ ನಿಜ.

'ಸಿಐಡಿ'ಯ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಕೊಲೆ ಆರೋಪಿಯೊಬ್ಬ ಪೊಲೀಸ್ ವಶದಲ್ಲಿದ್ದಾಗಲೇ ಸಾಯುತ್ತಾನೆ. ಅವನನ್ನು ಹೊಡೆದು ಕೊಂದನೆಂದು ಇನ್ಸ್‌ಪೆಕ್ಟರ್ ಶೇಖರ್ ಮೇಲೆ ಮೊಕದ್ದಮೆ ನಡೆಯುತ್ತದೆ. ಲಾಕಪ್ ಸಾವು ಎಂಬ ವಿಷಯ 1956ರಷ್ಟು ಹಿಂದೆಯೇ ನಮ್ಮ ಜನಪ್ರಿಯ ಸಿನಿಮಾಕ್ಕೆ ಬಂದಿತ್ತು! ಆದರೆ ದೇವಾನಂದ್ ವಹಿಸಿದ ಇನ್ಸ್‌ಪೆಕ್ಟರ್ ನಿರಪರಾಧಿ. ಅವನ ಮೇಲಿನದು ಪಾತಕಿಗಳು ಹೆಣೆದ ಜಾಲ. ಪೊಲೀಸನೊಬ್ಬ ನಿಜವಾಗಿಯೂ ಹೊಡೆದು ಕೊಂದಿರಬಹುದು, ಕೊಂದ ಮೇಲೂ ಅವನು ಹೆಂಡತಿ ಮಕ್ಕಳನ್ನು ಪ್ರೀತಿಸುವ ಸಾಮಾನ್ಯ ಮನುಷ್ಯನಾಗಿ ಉಳಿದಿರಬಹುದು ಎಂದು ಕಲ್ಪಿಸುವ ಧೈರ್ಯ ಆ ಚಿತ್ರಕ್ಕೆ ಇರಲಿಲ್ಲ. ಕೊಲೆಯ ಸುಳಿವು ಬಲ್ಲ ಸಾಕ್ಷಿ ಮಾತ್ರ ಒಬ್ಬ ಜೇಬುಗಳ್ಳ. ಜಾನಿ ವಾಕರ್ ಎಂಬ ಹೆಸರಿನ ಬದ್ರುದ್ದೀನ್ ಖಾಜಿ ಆ ಪಾತ್ರ ಮಾಡಿದರು. ಸಣ್ಣ ಕಳ್ಳನ ಬಾಯಲ್ಲಿ ಸತ್ಯ, ದೊಡ್ಡ ಮನುಷ್ಯನ ಮನೆಯಲ್ಲಿ ಕಳ್ಳತನ. ಇದು ನಮ್ಮವರು ಕಪ್ಪು ಸಿನಿಮಾಕ್ಕೆ ಸೇರಿಸಿದ ಸ್ವಂತ ಬಣ್ಣ.

ಕನ್ನಡದ ದಾರಿ ಬೇರೆಯಾಯಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಸಾವಿರಾರು ಜನ ಓದಿನ ರುಚಿ ಹತ್ತಿಸಿಕೊಂಡಿದ್ದರು. ಆ ರುಚಿಯ ಮೇಲೆ ಜೇಮ್ಸ್ ಬಾಂಡ್‌ನ ಹೊಳಪು ಹಚ್ಚಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ಮಾಡಿತು. ಅಲ್ಲಿ ಪತ್ತೇದಾರನಿಗೆ ಸಂಶಯವೇ ಇಲ್ಲ. ಅದು ದೋಷವೇನಲ್ಲ, ಆ ಬಗೆಯ ಕಥೆಯ ಸಂತೋಷವೇ ಅದು. ಮುಂದೆ 1981ರಲ್ಲಿ ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ತೆಗೆದ 'ಅಂತ' ನಾಡನ್ನು ಅಲುಗಾಡಿಸಿತು. ಆಳುವವರೂ ಅಧಿಕಾರಿಗಳೂ ಪಾತಕಿಗಳೊಡನೆ ಕೈ ಜೋಡಿಸಿರುವುದನ್ನು ಅಷ್ಟು ನೇರವಾಗಿ ಕನ್ನಡ ಪರದೆ ಅದುವರೆಗೆ ಹೇಳಿರಲಿಲ್ಲ. ಆದರೂ ಗಮನಿಸಿ. ಅದರಲ್ಲಿ ಅಂಬರೀಷ್‌ಗೆ ಎರಡು ಪಾತ್ರ: ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲ್, ಅವನದೇ ಮುಖದ ಪಾತಕಿ ಕನ್ವರ್‌ಲಾಲ್. ಒಳಿತು ಕೆಡುಕುಗಳಿಗೆ ಒಂದೇ ಮುಖವೆಂದು ಒಪ್ಪಿಕೊಂಡ ಚಿತ್ರ ಅವನ್ನು ಎರಡು ದೇಹಗಳಲ್ಲಿ ಹಂಚಿ ಸಮಾಧಾನಪಟ್ಟಿತು. ಕಪ್ಪು ಸಿನಿಮಾ ಎರಡನ್ನೂ ಒಂದೇ ದೇಹದಲ್ಲಿ ಇಟ್ಟು ನಮ್ಮನ್ನು ಕಾಡುತ್ತದೆ. ಶಂಕರ್‌ನಾಗ್ ಅವರ 'ಆಕ್ಸಿಡೆಂಟ್' (1985), ಉಪೇಂದ್ರರ 'ಓಂ' (1995), ಅಗ್ನಿ ಶ್ರೀಧರರ ಬರಹದಿಂದ ಬಂದ 'ಆ ದಿನಗಳು' (2007) ಈ ದಿಕ್ಕಿನಲ್ಲಿ ಒಂದೊಂದು ಹೆಜ್ಜೆ ಮುಂದಿಟ್ಟವು. ಇಷ್ಟರ ನಡುವೆ ಮುಸ್ಲಿಂ ಪಾತ್ರವೆಂದರೆ ನಾಯಕನಿಗಾಗಿ ಜೀವ ಕೊಡುವ ಗೆಳೆಯ, ಇಲ್ಲವೇ ಬಂದರಿನ ಕಳ್ಳಸಾಗಣೆದಾರ. ಇವೆರಡೂ ಅಲ್ಲದೆ ತನ್ನ ಸಂಕಟ, ತನ್ನ ತಪ್ಪು, ತನ್ನ ನ್ಯಾಯಗಳೊಡನೆ ನಿಲ್ಲುವ ಒಬ್ಬ ಸಾಮಾನ್ಯ ಮುಸ್ಲಿಮನನ್ನು ಕನ್ನಡದ ಅಪರಾಧ ಸಿನಿಮಾದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅಂಥವನೊಬ್ಬ ಸಿಕ್ಕಿದ್ದು ಚಾಮರಾಜನಗರದ ಕಾಡಿನ ನಿಜವಾದ ಕಥೆಯಲ್ಲಿ.

ಆ ಕಥೆಯ ಪಾತ್ರಗಳನ್ನು ಈಗ ಸ್ವಲ್ಪ ನಿಧಾನವಾಗಿ ನೋಡೋಣ.

1986ರಲ್ಲಿ ವೀರಪ್ಪನ್ ಒಮ್ಮೆ ಸಿಕ್ಕಿಬಿದ್ದಿದ್ದ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನನ್ನು ಹಿಡಿದಿದ್ದರು. ವಶದಲ್ಲಿದ್ದವನು ಹೇಗೋ ತಪ್ಪಿಸಿಕೊಂಡ. ಆ 'ಹೇಗೋ' ಇವತ್ತಿಗೂ ಹೇಗೋ ಎಂದೇ ಉಳಿದಿದೆ. ಶ್ರೀನಿವಾಸ್ ಮುಂದೆ ಬಂದೂಕಿಗಿಂತ ಬೇರೆ ದಾರಿ ಹಿಡಿದರು. ಗೋಪಿನಾಥಂನಲ್ಲೇ ಉಳಿದು ಊರಿನವರಿಗೆ ಕೆಲಸ, ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಲು ನೆರವಾದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಹೋದರು. ಅವನು ಅವರನ್ನು ಕೊಂದು ತಲೆ ಕಡಿದ. ಶ್ರೀನಿವಾಸ್ ಮುಗ್ಧರೆಂದು ಆಗ ಹಲವರು ಹೇಳಿದರು. ಆದರೆ ಇಡೀ ಕಥೆಯಲ್ಲಿ ಅಪರಾಧಿಯ ಒಳಗೂ ಹಿಂತಿರುಗಬಲ್ಲ ಮನುಷ್ಯನಿದ್ದಾನೆ ಎಂದು ಪಣವೊಡ್ಡಿದ ಅಧಿಕಾರಿ ಅವರು. ಪಣದಲ್ಲಿ ಸೋತರು.

ವೀರಪ್ಪನ್‌ನನ್ನು ಬಡವರ ಬಂಧು ಎನ್ನುವವರು ಈ ಕೊಲೆಯನ್ನು ಎಲ್ಲಿಡುತ್ತಾರೆ? ಮಾಹಿತಿ ಕೊಟ್ಟರೆಂಬ ಅನುಮಾನಕ್ಕೆ ಅವನ ಕೈಯಲ್ಲಿ ಸತ್ತವರಲ್ಲಿ ಬಡ ಹಳ್ಳಿಗರೇ ಇದ್ದರಲ್ಲ, ಅವರನ್ನು ಎಲ್ಲಿಡುತ್ತಾರೆ? ಇನ್ನೊಂದು ಕಡೆ, ಅವನ ಸರಕನ್ನು ಕೊಂಡು ಶ್ರೀಮಂತರಾದವರು ಯಾರು ಎಂದು ಕೇಳಬೇಕು. ದಂತವೂ ಗಂಧವೂ ಕಾಡಿನಿಂದ ತಾವಾಗಿಯೇ ನಡೆದುಕೊಂಡು ಹೋಗಲಿಲ್ಲ. 'ಬಾಜಿ'ಯ ಮುಖ ಮುಚ್ಚಿದ ಯಜಮಾನನಂತೆ ಆ ಗಣ್ಯರು ಕತ್ತಲಲ್ಲೇ ಉಳಿದರು.

1992ರ ಆಗಸ್ಟ್ 14ರಂದು ಮೀಣ್ಯಂ ಬಳಿ, ಸುಳ್ಳು ಮಾಹಿತಿಯ ಬಲೆಗೆ ಬಿದ್ದು ಹೊರಟ ಪೊಲೀಸ್ ವಾಹನಗಳ ಮೇಲೆ ದಾಳಿ ನಡೆಯಿತು. ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಮತ್ತಿತರರು ಪ್ರಾಣ ಕಳೆದುಕೊಂಡರು. ಮಾಹಿತಿದಾರ ಎಂಬ ಪಾತ್ರ ಕಪ್ಪು ಸಿನಿಮಾದಲ್ಲಿ ಯಾವಾಗಲೂ ಬೆವರುತ್ತಿರುತ್ತಾನೆ. ಇಲ್ಲಿನ ಹಳ್ಳಿಗಳಲ್ಲಿ ಆ ಬೆವರು ನಿತ್ಯದ್ದಾಯಿತು. ಪೊಲೀಸರಿಗೆ ಹೇಳಿದರೆ ವೀರಪ್ಪನ್ ಕೊಲ್ಲುತ್ತಾನೆ, ಹೇಳದಿದ್ದರೆ ಪೊಲೀಸರು ಎಳೆದೊಯ್ಯುತ್ತಾರೆ. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಅವರಲ್ಲಿ ಪೊಲೀಸರೊಡನೆ ಹೊರಟಿದ್ದ ಮಾಹಿತಿದಾರರೂ ಇದ್ದರು. ಆ ತಂಡದ ಮುಂದಾಳು, ತಮಿಳುನಾಡಿನ ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್, ತೀವ್ರ ಗಾಯಗೊಂಡು ಬದುಕಿದರು. ಅವರನ್ನು ಜನ ಕರೆಯುತ್ತಿದ್ದುದು 'ರ‍್ಯಾಂಬೊ' ಎಂದು. ಅಡ್ಡಹೆಸರು ಕೂಡ ಸಿನಿಮಾದಿಂದಲೇ ಬಂದಿತ್ತು.

ಪಾಲಾರ್ ನಂತರ ಎರಡು ರಾಜ್ಯಗಳ ಕಾರ್ಯಪಡೆ ಹಳ್ಳಿಗಳ ಮೇಲೆ ಬಿತ್ತು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ಪಡೆಯ ವಿಚಾರಣಾ ಸ್ಥಳಕ್ಕೆ ಅಲ್ಲಿನ ಜನರ ಬಾಯಲ್ಲಿ ಉಳಿದ ಹೆಸರು 'ವರ್ಕ್‌ಶಾಪ್'. ಸೋಲಿಗರು, ತಮಿಳು ಮಾತಾಡುವ ರೈತರು, ಹೆಂಗಸರು ಅಲ್ಲಿ ವಿದ್ಯುತ್ ಶಾಕ್, ಹೊಡೆತ, ಅದಕ್ಕೂ ಮಿಗಿಲಾದ ಅವಮಾನಗಳನ್ನು ಉಂಡ ಬಗ್ಗೆ ದೂರು ಕೊಟ್ಟರು. ಕಪ್ಪು ಸಿನಿಮಾದ ಮಾಯಾಂಗನೆ ಗಂಡಸಿನ ಭಯದಿಂದ ಹುಟ್ಟಿದ ಕಲ್ಪನೆ. ಇಲ್ಲಿ ಗಂಡನೋ ಅಣ್ಣನೋ ಕಾಡಿಗೆ ಹೋದನೆಂಬ ಸಂಶಯಕ್ಕೆ ಮೈ ಕೊಟ್ಟವರು ನಿಜವಾದ ಹೆಂಗಸರು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಅದರ ವರದಿಯ ಮೇಲೆ 2007ರಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಆಯೋಗ ಹೇಳಿತು. 'ಸಿಐಡಿ' ಚಿತ್ರದ ಇನ್ಸ್‌ಪೆಕ್ಟರನ ಮೇಲಿದ್ದ ಆರೋಪ ಸುಳ್ಳಾಗಿತ್ತು. ಇಲ್ಲಿ ಸರಕಾರದ್ದೇ ಆಯೋಗವೊಂದು ಪರಿಹಾರ ಕೊಡಿ ಎಂದಿತು. ಆದರೂ ಆ ಇನ್ಸ್‌ಪೆಕ್ಟರನ ಮುಖವೇ ನಮ್ಮ ಕಣ್ಣಮುಂದೆ ನಿಂತಿದ್ದರಿಂದ ಬೆಟ್ಟದ ಹೆಂಗಸರ ಮಾತು ನಮಗೆ ಬೇಗ ಕೇಳಲಿಲ್ಲ.

ಈಗ ಶಕೀಲ್ ಅಹ್ಮದ್ ಅವರ ತಂದೆಯ ಕಡೆಗೆ ಬರೋಣ. ಅಬ್ದುಲ್ ಕರೀಂ ನಿವೃತ್ತ ಪೊಲೀಸ್ ಅಧಿಕಾರಿ. 2000ದಲ್ಲಿ ರಾಜ್‌ಕುಮಾರ್ ಬಿಡುಗಡೆಗಾಗಿ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನ ಜೈಲಿನಲ್ಲಿದ್ದ ಟಾಡಾ ಬಂಧಿಗಳನ್ನು ಬಿಡಬೇಕೆಂಬುದೂ ಒಂದು. ಕರ್ನಾಟಕ ಸರಕಾರ ಅವರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ನಾಡೆಲ್ಲ ಅಣ್ಣಾವ್ರು ಮನೆಗೆ ಬಂದರೆ ಸಾಕು ಎಂದು ಹರಕೆ ಹೊತ್ತಿದ್ದ ದಿನಗಳವು. ಮಸೀದಿಗಳಲ್ಲೂ ದುಆ ನಡೆಯುತ್ತಿದ್ದ ಆ ಹೊತ್ತಿನಲ್ಲಿ ಮಗನನ್ನು ಕಳೆದುಕೊಂಡ ಈ ಮುದುಕ ಸುಪ್ರೀಂ ಕೋರ್ಟಿಗೆ ಹೋದರು. ಕೊಲೆಗಾರನೊಬ್ಬ ಬಂದೂಕು ತೋರಿಸಿ ಕೇಳಿದನೆಂದು ಮೊಕದ್ದಮೆ ಕೈಬಿಡುವ ಹಕ್ಕು ಸರಕಾರಕ್ಕಿಲ್ಲ ಎಂಬುದು ಅವರ ವಾದದ ತಿರುಳು. 2000ದ ನವೆಂಬರ್ 7ರಂದು ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಎಂಟು ದಿನದ ಬಳಿಕ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು.

ಅಬ್ದುಲ್ ಕರೀಂ ಅವರನ್ನು ಯಾವ ಅಚ್ಚಿನಲ್ಲಿ ಇಡುವುದು? ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯನ ಪಾತ್ರ ಅವರಿಗೆ ಒಪ್ಪುವುದಿಲ್ಲ. ನಾಡಿನ ಆರಾಧ್ಯ ನಾಯಕನ ಬಿಡುಗಡೆ ಅವರ ಅರ್ಜಿಯಿಂದ ತಡವಾಗಬಹುದೆಂದು ಜನ ಹೆದರಿದ್ದರು. ಅದನ್ನು ಬಲ್ಲವರಾಗಿಯೂ ಅವರು ನ್ಯಾಯದ ಮಾತು ಆಡಿದರು. ತನಗೂ ತನ್ನವರಿಗೂ ನಷ್ಟವಾದರೂ ಸತ್ಯದ ಸಾಕ್ಷಿಯಾಗಿ ನಿಲ್ಲುವುದನ್ನು ಕುರ್‌ಆನ್ ವಿಶ್ವಾಸಿಗಳಿಂದ ಕೇಳುತ್ತದೆ. ಆ ಅರ್ಥದಲ್ಲಿ ಅವರ ನಡೆ ದೊಡ್ಡದು. ಇಲ್ಲಿಗೇ ನಿಲ್ಲಿಸಿದರೆ ನಾವೂ ಒಂದು ಬಿಳಿ ಪಾತ್ರವನ್ನು ಕಡೆದಿಟ್ಟಂತೆ. ಅವರ ಗೆಲುವಿನಿಂದ ಒಳಗೇ ಉಳಿದವರು ಯಾರು? 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಆರೋಪಿಗಳಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು. ಅವರಲ್ಲಿ ಹಲವರು ಅಷ್ಟು ಹೊತ್ತಿಗೆ ಏಳೆಂಟು ವರ್ಷ ಕಂಬಿ ಎಣಿಸಿದ್ದರು. 1985ರಲ್ಲಿ ಬಂದು 1995ರಲ್ಲಿ ರದ್ದಾಗಿಹೋದ ಕಾನೂನೊಂದರ ಕೈಯಲ್ಲಿ ಆ ಬಡವರು 2001ರವರೆಗೆ ಇದ್ದರು. ಆ ಕಾನೂನು ದೇಶದ ಬೇರೆಡೆ ಮುಸ್ಲಿಂ ಯುವಕರನ್ನು ಏನು ಮಾಡಿತ್ತೆಂಬುದು ನಮ್ಮ ಓದುಗರಿಗೆ ಹೇಳಬೇಕಾದ್ದಲ್ಲ. ಇಲ್ಲಿ ಅದೇ ಕಾನೂನಿನ ಪಕ್ಕದಲ್ಲಿ ನಿಂತವರು ಒಬ್ಬ ಮುಸ್ಲಿಂ ತಂದೆ. ಅವರು ಅಮಾಯಕರ ಸೆರೆ ಬೇಡಿದವರಲ್ಲ, ಬೆದರಿಕೆಗೆ ಬಗ್ಗಬೇಡಿ ಎಂದವರು. ಪರಿಣಾಮದಲ್ಲಿ ಎರಡೂ ಒಂದೇ ಆಗಿಬಿಟ್ಟಿತು.

ಶಿಕ್ಷೆಯಾದ ಕೆಲವರ ಕಥೆಯೂ ನೇರವಾಗಿಲ್ಲ. ನಾಲ್ವರಿಗೆ ಮೈಸೂರಿನ ನ್ಯಾಯಾಲಯ ಕೊಟ್ಟಿದ್ದ ಜೀವಾವಧಿಯನ್ನು ಸುಪ್ರೀಂ ಕೋರ್ಟು 2004ರಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಧೂಳು ತಿಂದಿತೆಂಬ ಕಾರಣಕ್ಕೆ 2014ರ ಜನವರಿಯಲ್ಲಿ ಅದೇ ಕೋರ್ಟು ಆ ದಂಡನೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಅಷ್ಟು ಹೊತ್ತಿಗೆ ಅವರು ಇಪ್ಪತ್ತು ವರ್ಷ ಜೈಲಿನಲ್ಲಿ ಕಳೆದಿದ್ದರು.

2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಕಾಮಗೆರೆಯಿಂದ ಅಪಹೃತರಾದರು. ಡಿಸೆಂಬರ್‌ನಲ್ಲಿ ಅವರ ಶವ ಕಾಡಿನಲ್ಲಿ ಸಿಕ್ಕಿತು. ಇನ್ನೆರಡು ವರ್ಷಕ್ಕೆ, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ತಮಿಳುನಾಡು ಕಾರ್ಯಪಡೆ ವೀರಪ್ಪನ್‌ನನ್ನು ಕೊಂದಿತು. ವೇಷ ಮರೆಸಿ ಅವನ ವಿಶ್ವಾಸ ಗಳಿಸಿದ್ದ ಪೊಲೀಸರೇ ಕಣ್ಣಿನ ಚಿಕಿತ್ಸೆಗೆಂದು ಅವನನ್ನು ಆಂಬುಲೆನ್ಸ್‌ನಲ್ಲಿ ಕೂರಿಸಿ ಕರೆತಂದಿದ್ದರು. ಶ್ರೀನಿವಾಸ್ ಅವರನ್ನು ನಂಬಿಸಿ ಕೊಂದವನನ್ನು ನಂಬಿಸಿಯೇ ಕೊಲ್ಲಲಾಯಿತು. ಹೀಗೊಂದು ಕೊನೆಯನ್ನು ಹಾಲಿವುಡ್ಡಿನ ಬರಹಗಾರ ಬರೆದಿದ್ದರೆ, ಲೆಕ್ಕ ಬಹಳ ಸರಿಯಾಯಿತೆಂದು ನಿರ್ಮಾಪಕ ಅನುಮಾನಪಡುತ್ತಿದ್ದ.

ಸಿನಿಮಾಗಳೂ ಬಂದವು. ವೀರಪ್ಪನ್ ಬದುಕಿದ್ದಾಗಲೇ, 1991ರಲ್ಲಿ, ದೇವರಾಜ್ ಅವನ ಪಾತ್ರ ಮಾಡಿದ ಕನ್ನಡ ಚಿತ್ರ ತೆರೆಕಂಡಿತ್ತು. 2013ರಲ್ಲಿ ಕಿಶೋರ್ ನಟಿಸಿದ 'ಅಟ್ಟಹಾಸ' ಬಂತು. ಕಿಶೋರರ ಕಣ್ಣಿನಲ್ಲಿ ಒಬ್ಬ ಮನುಷ್ಯ ಆಗಾಗ ಇಣುಕುತ್ತಾನಾದರೂ ಕಥೆ ಅವನಿಗೆ ಹೆಚ್ಚು ಹೊತ್ತು ಬಿಡುವು ಕೊಡುವುದಿಲ್ಲ. 2023ರಲ್ಲಿ ಸೆಲ್ವಮಣಿ ಸೆಲ್ವರಾಜ್ ಮಾಡಿದ ಸಾಕ್ಷ್ಯಚಿತ್ರ ಸರಣಿಯಲ್ಲಿ ವೀರಪ್ಪನ್‌ನ ಹೆಂಡತಿ ಮುತ್ತುಲಕ್ಷ್ಮಿ, ಪೊಲೀಸರು, ಅರಣ್ಯದವರು, ಹಳ್ಳಿಗರು ಎಲ್ಲರೂ ತಮ್ಮ ತಮ್ಮ ಬಾಯಿಂದಲೇ ಮಾತಾಡುತ್ತಾರೆ. ಒಬ್ಬರ ಮಾತು ಮುಗಿಯುವ ಹೊತ್ತಿಗೆ ಇನ್ನೊಬ್ಬರ ಮಾತು ಅದನ್ನು ಕದಲಿಸುತ್ತದೆ. ಬಣ್ಣದಲ್ಲಿದ್ದರೂ ನಾವು ಅದನ್ನು ಈ ನೆಲದ ಕಪ್ಪು ಸಿನಿಮಾ ಎಂದೇ ಎಣಿಸುತ್ತೇವೆ.

ಗೋಪಿನಾಥಂನ ಜನ ಶ್ರೀನಿವಾಸ್ ಅವರನ್ನು ಮರೆತಿಲ್ಲ. ಮಾರಿಯಮ್ಮನ ಗುಡಿಯ ಮಾತು ಬಂದರೆ ಅವರ ಹೆಸರೂ ಬರುತ್ತದೆ. ಅಲ್ಲಿಂದ ಪಾಲಾರ್ ದಾಟಿ ಮೆಟ್ಟೂರಿನ ಕಡೆಗೆ ಹೋದರೆ ಮೂಲಕ್ಕಾಡು ಎಂಬಲ್ಲಿ ವೀರಪ್ಪನ್‌ನ ಗೋರಿ ಇದೆ. ಅಲ್ಲಿಯೂ ಜನ ಬಂದು ಹೂವಿಟ್ಟು ಹೋಗುತ್ತಾರೆ. ಎಂಟು ವರ್ಷದ ಮೇಲೆ ಮೈಸೂರಿನ ಜೈಲಿನಿಂದ ಹೊರಬಂದವರು ಈ ಎರಡರ ನಡುವಿನ ರಸ್ತೆಯ ಊರುಗಳಲ್ಲಿ ಬಸ್ ಇಳಿದು, ಬೇರೆಯವರು ಉಳುತ್ತಿದ್ದ ತಮ್ಮ ಹೊಲಗಳನ್ನು ವಿಚಾರಿಸಿಕೊಂಡು ಮನೆಗೆ ನಡೆದರು.